ಒಣ ಹಳ್ಳದಲ್ಲಿ ತಿರುಗಿದ ಗಾಲಿ

ದೆವ್ವದ ಕಥೆ ಹೇಳು ಅಂತ ನೀವು ಮೊಮ್ಮಕ್ಕಳು ಗಂಟುಬಿದ್ದಾಗಲೆಲ್ಲ ನಾನು ಮಾತು ಹಾರಿಸಿದ್ದೇನೆ. ಬಾಯಿಬಿಟ್ಟು ಹೇಳಲು ನನಗೆ ಸಂಕೋಚ. ಅದಕ್ಕೇ ಬರೆಯುತ್ತಿದ್ದೇನೆ. ಇದರಲ್ಲಿ ದೆವ್ವವಿಲ್ಲ, ಕಟ್ಟಿದ ಮಾತೂ ಇಲ್ಲ. ನನ್ನ ಕಾಲಿಗೆ ತಾಗಿದ್ದನ್ನೇ ಬರೆಯುತ್ತೇನೆ. ಅನುಮಾನ ಬಂದರೆ ಆಗ ಕೆರೆಯ ತೂಬು ಕಾಯುತ್ತಿದ್ದ ಖಾಜಾಸಾಬನನ್ನು ಕೇಳಿ. ಅವನು ಹೇಳುವುದಿಲ್ಲ, ಆದರೆ ಅವನ ಮುಖ ನೋಡಿದರೆ ಸಾಕು.

ನಮ್ಮ ಹಳ್ಳ ಶಹಾಪುರದ ಗುಡ್ಡಗಳಿಂದ ಇಳಿದು ಬರುತ್ತದೆ. ಮೇಲೆ ಬಂಡೆಗಳ ನಡುವೆ ಒಂದು ಸಣ್ಣ ಕೆರೆ. ಅದರ ತೂಬಿನಿಂದ ಬೇಸಿಗೆಯಲ್ಲೂ ನೀರು ಹರಿದು ನಮ್ಮ ಹೊಲದ ಕೆಳಗಿನ ಮಡುವಿಗೆ ಬೀಳುತ್ತಿತ್ತು. ಆ ಮಡುವಿನ ಮೀನನ್ನು ಯಾರೂ ಹಿಡಿಯುತ್ತಿರಲಿಲ್ಲ. ನಮ್ಮ ಮನೆತನದಲ್ಲಿ ಸತ್ತವರ ಪಾಲಿನ ರೊಟ್ಟಿ ಕಾಗೆಗಲ್ಲ, ಆ ಮೀನುಗಳಿಗೆ.

ನಿಮ್ಮ ಮುತ್ಯಾ, ಅಂದರೆ ನನ್ನ ಯಜಮಾನರು, ಹೋದ ಮೇಲೆ ಪ್ರತಿ ಅಮಾವಾಸ್ಯೆ ಅವರ ಪಾಲಿನ ಜೋಳದ ರೊಟ್ಟಿ ಒಯ್ಯುತ್ತಿದ್ದೆ. ಅಂಗೈಯಿಂದ ನೀರು ತಟ್ಟಿದರೆ ಕಪ್ಪು ಬೆನ್ನುಗಳು ಗುಂಪಾಗಿ ಮೇಲೇಳುತ್ತಿದ್ದವು. ಚೂರು ಮಾಯವಾದಾಗ, ಅವರಿಗೆ ಮುಟ್ಟಿತು ಅನ್ನಿಸುತ್ತಿತ್ತು. ಅವರಿಗಾಗಿ ಮಾಡಲು ನನಗೆ ಉಳಿದಿದ್ದ ಕೆಲಸ ಅದೊಂದೇ.

ಆಮೇಲೆ ಕೆರೆಯ ನೀರನ್ನು ಪೈಪಿನಲ್ಲಿ ಒಯ್ಯುವ ಯೋಜನೆ ಬಂತು. ಹಳ್ಳದ ಮೀನು ಬದುಕಬೇಕಾದರೆ ಕೆಳಗೆ ಎಷ್ಟು ನೀರು ಬಿಡಬೇಕು ಅಂತ ಅಳೆಯಲು ಮೈಸೂರು ಕಡೆಯ ಒಬ್ಬ ಮೇಡಂ ಬಂದು ನಮ್ಮ ಮನೆಯಲ್ಲೇ ಇಳಿದುಕೊಂಡರು. ಮಡು ಉಳಿಯುವುದು ಅವರ ಲೆಕ್ಕದ ಮೇಲೆ ನಿಂತಿತ್ತು. ಅವರಿಗೆ ಬಿಸಿ ರೊಟ್ಟಿ ಬಡಿಸುವಾಗಲೆಲ್ಲ ನನಗೆ ಅದೇ ಧ್ಯಾನ.

ಹಗಲು ಕಲ್ಲಿನಡಿ ಅಡಗುವ ಮೀನು ಕತ್ತಲಾದ ಮೇಲೆ ತೆಳು ನೀರಿಗೆ ಬರುತ್ತವಂತೆ. ಹಾಗಾಗಿ ಅಳತೆಯೆಲ್ಲ ರಾತ್ರಿ. ತೂಬು ಕಾಯುವ ಖಾಜಾಸಾಬ ದಿನಕ್ಕಿಷ್ಟು ನೀರು ಕಡಿಮೆ ಮಾಡುತ್ತಿದ್ದ. ವೇಗ ಅಳೆಯಲು ಮೇಡಂ ಮಡುವಿನ ಮೇಲ್ಗಡೆ ಹರಿವ ನೀರಿನಲ್ಲಿ ಕಬ್ಬಿಣದ ಕೋಲು ನಿಲ್ಲಿಸುತ್ತಿದ್ದರು. ಕೋಲಿಗೆ ಬಟ್ಟಲುಗಳ ಸಣ್ಣ ಗಾಲಿ, ಅದರ ಹಿಂದೆ ಮೀನಿನಂಥ ಬಾಲ. ನೀರು ತಳ್ಳಿದಂತೆ ಗಾಲಿ ಟಿಕ್... ಟಿಕ್... ಅನ್ನುತ್ತಿತ್ತು. ನೀರು ಎತ್ತಲಿಂದ ಬರುತ್ತದೋ ಅದರ ಮೂತಿ ಅತ್ತ ತಿರುಗಿ ನಿಲ್ಲುತ್ತಿತ್ತು. ಅಂದರೆ ಯಾವಾಗಲೂ ಗುಡ್ಡದ ಕಡೆಗೇ.

ಕೊನೆಯ ರಾತ್ರಿ ಅಮಾವಾಸ್ಯೆ. ಸಂಜೆ ನಾನು ರೊಟ್ಟಿ ಹಾಕಿದಾಗ ಮೀನುಗಳು ಮುಗಿಬಿದ್ದು ಬಂದವು. ಮೇಡಂ ದಡದಲ್ಲಿ ಕೂತು ಕಣ್ತುಂಬ ನೋಡಿದರು.

"ಮೇಡಮ್ಮಾರ, ಎಷ್ಟ ನೀರ ಬೇಕಂತ ಮೀನಿಗೇ ಕೇಳಿಬಿಡ್ರಿ ಅತ್ಲಾಗ. ನನ್ನ ನಿದ್ದಿ ಯಾಕ ಕೆಡಸ್ತೀರಿ?" ಅಂದ ಖಾಜಾಸಾಬ.

"ಅದನ್ನೇ ಕೇಳ್ತಿರೋದು ಸಾಹೇಬ್ರೇ. ಅವು ನಿಮ್ಮ ಹಾಗೆ ಪಟಪಟ ಮಾತಾಡಲ್ವಲ್ಲ" ಅಂತ ನಕ್ಕರು ಮೇಡಂ. "ಇವತ್ತು ತೂಬು ಪೂರ್ತಿ ಮುಚ್ಚಿ. ನೀರು ನಿಂತರೆ ಮೀನು ಏನು ಮಾಡ್ತವೆ ನೋಡೋಣ."

ನಾನು ಅವರ ಪಕ್ಕಕ್ಕೆ ಸರಿದು ಕೂತೆ. "ಅವಕ್ಕ ಏನರ ಆದೀತ್ರಿ?"

"ಮಡು ಆಳ ಇದೆ ಅಮ್ಮ. ಒಂದು ರಾತ್ರಿಗೆ ಏನೂ ಆಗಲ್ಲ."

ಖಾಜಾಸಾಬ ತೂಬು ಮುಚ್ಚಿ ಬಂದ. ನೀರಿನ ಸದ್ದು ತೆಳುವಾಗುತ್ತ ಹೋಗಿ... ನಿಂತಿತು. ಮದುವೆಯಾಗಿ ಬಂದ ದಿನದಿಂದ ಆ ಸದ್ದಿಲ್ಲದ ರಾತ್ರಿಯನ್ನು ನಾನು ಕಂಡವಳಲ್ಲ. ಕಿವಿಯಲ್ಲಿ ಹತ್ತಿ ತುರುಕಿದಂತಾಯಿತು. ಕಲ್ಲುಗಳು ಬರಿದಾದವು. ಸೆಕೆಗೆ ಅವು ಬೇಗ ಒಣಗಿದವು. ನಾವು ಮೂವರೂ ಚಾ ಕುಡಿಯುತ್ತ ಕೂತಿದ್ದೆವು.

ಮೊದಲು ಬಂದದ್ದು ವಾಸನೆ. ಹೊಸ ನೀರು ಬಂದಾಗಿನ ಕೆಸರಿನ ವಾಸನೆ... ಜೊತೆಗೆ ಹಸಿ ಮೀನಿನ ವಾಸನೆ.

ಆಮೇಲೆ, ಟಿಕ್.

ಮೇಡಂ ಲೋಟ ಕೆಳಗಿಟ್ಟರು. ಟಿಕ್... ಟಿಕ್... ಒಣ ಕಲ್ಲುಗಳ ನಡುವೆ ಬಿಟ್ಟಿದ್ದ ಕೋಲಿನಲ್ಲಿ ಗಾಲಿ ತಿರುಗುತ್ತಿತ್ತು.

"ಗಾಳಿ ಇರಬೇಕು" ಅಂದರು. ಗಾಳಿ ಇರಲಿಲ್ಲ. ಹುಣಸೆಯ ಒಂದೆಲೆಯೂ ಅಲುಗುತ್ತಿರಲಿಲ್ಲ. ಅವರು ಇಳಿದು ಹೋಗಿ ಬೆರಳಿನಿಂದ ಗಾಲಿ ಹಿಡಿದರು. ನಿಂತಿತು. ಬಿಟ್ಟರು... ಮೊದಲಿಗಿಂತ ಜೋರಾಗಿ ತಿರುಗಿತು.

ನಾನೂ ಖಾಜಾಸಾಬನೂ ಬ್ಯಾಟರಿ ಹಿಡಿದು ಇಳಿದೆವು. ಅವನು ನನ್ನ ತೋಳು ಗಟ್ಟಿಯಾಗಿ ಹಿಡಿದ. ಎಂದೂ ಹಾಗೆ ಮುಟ್ಟಿದವನಲ್ಲ.

"ಅಕ್ಕಾ... ಅದರ ಮಾರಿ ನೋಡ್ರಿ."

ಗಾಲಿಯ ಮೂತಿ ಗುಡ್ಡಕ್ಕೆ ಬೆನ್ನು ಹಾಕಿ ಮಡುವಿನ ಕಡೆ ತಿರುಗಿತ್ತು. ಏನೋ ಒಂದು ಮಡುವಿನಿಂದ ಹೊರಟು ಗುಡ್ಡವನ್ನು ಏರುತ್ತಿತ್ತು.

ಅಷ್ಟರಲ್ಲಿ ನನ್ನ ಕಣಕಾಲಿಗೆ ತಣ್ಣನೆಯದೊಂದು ಒತ್ತಿತು, ತುಂಬಿದ ಹಳ್ಳದಲ್ಲಿ ನಿಂತಂತೆ. ಬ್ಯಾಟರಿ ಬೆಳಕಿನಲ್ಲಿ ಕಂಡದ್ದು ಒಣ ಉಸುಕು, ನನ್ನ ಒಣ ಸೀರೆಯ ಅಂಚು. ಆದರೆ ನುಣುಪಾದ ಮೈಗಳು ಕಾಲಿಗೆ ಸವರಿಕೊಂಡು ಹೋಗುತ್ತಿದ್ದವು... ಒಂದಾದ ಮೇಲೊಂದು... ಎಲ್ಲವೂ ಮೇಲಕ್ಕೆ. ಬಾಲ ಬಡಿಯುವ ಸದ್ದು ಬಂಡೆಯಿಂದ ಬಂಡೆಗೆ ಏರುತ್ತ ಗುಡ್ಡದ ಒಳಗೆಲ್ಲೋ ಅಡಗಿತು.

"ಯಾ ಅಲ್ಲಾ" ಅಂತ ಖಾಜಾಸಾಬ ತೂಬಿನ ಕಡೆ ಓಡಿದ. ಅವನು ಬಿಟ್ಟ ನೀರು ನಮ್ಮ ಕಾಲು ಮುಟ್ಟುವ ಹೊತ್ತಿಗೆ ಗಾಲಿ ನಿಂತುಹೋಗಿತ್ತು.

ಬೆಳಕು ಹರಿದ ಮೇಲೆ ಮಡುವಿನ ನೀರು ತಟ್ಟಿದೆ. ಏನೂ ಬರಲಿಲ್ಲ. ರೊಟ್ಟಿಯ ಚೂರು ನೀರಿನ ಮೇಲೆ ನೆನೆದು ಉಬ್ಬಿತು. ಮೇಡಂ ಬಲೆ ಹಾಕಿಸಿದರು. ಎಲೆ, ಕೆಸರು, ಅಷ್ಟೇ. ಒಂದು ಸತ್ತ ಮೀನೂ ಇರಲಿಲ್ಲ, ನಾತವೂ ಇರಲಿಲ್ಲ.

"ಏನು ಬರೀಲಿ ಅಮ್ಮ?" ಅಂದರು ಮೇಡಂ.

"ಕಂಡದ್ದು ಬರೀರಿ."

"ಕಂಡದ್ದು ಬರೆದ್ರೆ ನನ್ನನ್ನ ಯಾರು ನಂಬ್ತಾರೆ?"

ಅವರು ಏನು ಬರೆದರೋ ತಿಳಿಯದು. ಪರೀಕ್ಷಿಸಲು ಯೋಜನೆಯ ಕಡೆಯ ಬೇರೆಯವರು ಬಂದರು, ಮತ್ತೆ ಬಲೆ ಎಳೆದರು. ಮೀನಿಲ್ಲದ ಹಳ್ಳಕ್ಕೆ ನೀರು ಯಾಕೆ ಬಿಡಬೇಕು ಅಂದರು. ಪೈಪು ಬಂತು, ತೂಬಿಗೆ ಸಿಮೆಂಟು ಬಿತ್ತು. ಈಗ ಮಡುವಿನಲ್ಲಿ ಜಾಲಿ ಬೆಳೆದಿದೆ.

ನೀರು ಹೋಗುತ್ತದೆಂದು ತಿಳಿದು ಅವು ಮುಂಚೆಯೇ ಹೋದವೋ, ಅವು ಹೋದದ್ದಕ್ಕೇ ನೀರು ಹೋಯಿತೋ... ಎಷ್ಟು ಯೋಚಿಸಿದರೂ ನನಗೆ ತಿಳಿಯುತ್ತಿಲ್ಲ. ಅಮಾವಾಸ್ಯೆಗೆ ಈಗಲೂ ಒಂದು ರೊಟ್ಟಿ ಹೆಚ್ಚು ಬಡಿಯುತ್ತೇನೆ. ಕಾಗೆಗೆ ಇಟ್ಟು ನೋಡಿದೆ, ಮನಸ್ಸು ಒಪ್ಪಲಿಲ್ಲ. ಅದು ಬುಟ್ಟಿಯಲ್ಲೇ ಒಣಗುತ್ತದೆ. ನಿಮ್ಮ ಮುತ್ಯಾ ಎಲ್ಲೋ ಉಪವಾಸ ಕೂತಿದ್ದಾರೆ ಅನ್ನಿಸಿ ಆ ದಿನ ನಾನೂ ತಾಟು ಸರಿಸಿಬಿಡುತ್ತೇನೆ.

ನಾನು ಹೋದ ಮೇಲೆ ನನ್ನ ಪಾಲಿನ ರೊಟ್ಟಿ ಎಲ್ಲಿಗೆ ಒಯ್ಯುತ್ತೀರಿ ಅಂತ ನಿಮ್ಮನ್ನು ಕೇಳುವುದಿಲ್ಲ. ನೀವು ಹೇಳಲಾರಿರಿ.