ರೋಸಿನ ದಿನ ಕಿರುಚಿದ ಸಿಡಿ

ನನ್ನ ಸೋದರಮಾವನ ಮೈಕ್ ಸೆಟ್ಟು ಮೂವತ್ತು ವರ್ಷಗಳಲ್ಲಿ ಒಮ್ಮೆಯೂ ಕೆಮ್ಮಿರಲಿಲ್ಲ. ಕಡಿಯಾಳಿಯ ಅವರ ಮನೆಯಲ್ಲಿ ಚಳಿಯಾದರೆ ಮನುಷ್ಯರಿಗೆ ಕಷಾಯ, ಆಂಪ್ಲಿಫೈಯರಿಗೆ ಕಂಬಳಿ. ಕಣ್ಣಿನ ಪೊರೆ ತೆಗೆಸಿಕೊಳ್ಳಲು ಹೋಗುವ ಮುನ್ನ ಅವರು ನನ್ನನ್ನು ಕರೆದರು.

"ಕಾಪುವಿನ ಬಾಯಮ್ಮನ ಮೊಮ್ಮಗಳಿಗೆ ಮದುವೆ. ಮುನ್ನಾದಿನದ ರೋಸಿಗೆ ಸೆಟ್ ನೀನು ಕೊಂಡುಹೋಗು. ಸೌಂಡ್ ಸರಿ ಇರ್ಲಿಲ್ಲ ಅಂತ ಆ ಬಾಯಮ್ಮನ ಬಾಯಲ್ಲಿ ಒಂದು ಮಾತು ಬಂದ್ರೆ ಸೆಟ್ ನಿನಗಿಲ್ಲ. ಕಾರ್ಕಳದ ನಿನ್ನ ದೊಡ್ಡಮ್ಮನ ಮಗನಿಗೆ ಕೊಡುವುದೇ."

ಪದವಿ ಮುಗಿಸಿ ಎರಡು ವರ್ಷ ಜಗಲಿಯಲ್ಲಿ ಕೂತಿದ್ದ ನನಗೆ ಈ ಪ್ರಪಂಚದಲ್ಲಿ ಬೇಕೆನಿಸಿದ್ದು ಆ ಎರಡು ಕಪ್ಪು ಬಾಕ್ಸುಗಳು ಮಾತ್ರ. ಕಾರ್ಕಳದವನೋ, ವಯರನ್ನು ಹಲ್ಲಿನಿಂದ ಕಚ್ಚಿ ಸುಲಿಯುವವನು!

ರೋಸ್ ಎಂದರೆ ಗುಲಾಬಿಯಲ್ಲ. ನಮ್ಮ ಕಡೆಯ ಕ್ರಿಶ್ಚಿಯನ್ನರು ಮದುವೆಯ ಮುನ್ನಾದಿನ ಹುಡುಗಿಯನ್ನು ಕೂರಿಸಿ, ಬಂಧುಗಳೆಲ್ಲ ಸೇರಿ ತೆಂಗಿನಹಾಲು ಹಚ್ಚುವ ಶಾಸ್ತ್ರ. "ಕ್ರಿಶ್ಚಿಯನ್ ಹಾಡು ಹಾಕು, ಹೊಸತು. ಎಲೆಕ್ಟ್ರಾನಿಕ್ ಇರಲಿ" ಎಂದಿದ್ದರು ಮಾವ. ಅವರ ಬಾಯಲ್ಲಿ ಎಲೆಕ್ಟ್ರಾನಿಕ್ ಎಂದರೆ ಕೀಬೋರ್ಡು, ಹಾರ್ಮೋನಿಯಂ ಅಲ್ಲದ್ದು.

ಮಣಿಪಾಲದಲ್ಲಿ ಸಿಡಿ ಬರೆದುಕೊಡುವ ಅಂಗಡಿಯೊಂದಿತ್ತು. ನಾನು ಮಾವನ ಮಾತನ್ನು ಹಾಗೆಯೇ ಒಪ್ಪಿಸಿದೆ. ಅಲ್ಲಿ ಕೂತಿದ್ದ ಉದ್ದ ಕೂದಲಿನ ಹಾಸ್ಟೆಲ್ ಹುಡುಗ ಕುರ್ಚಿಯಿಂದ ಎದ್ದೇ ನಿಂತ. ಇಷ್ಟು ವರ್ಷ ಇದನ್ನು ಕೇಳಿಕೊಂಡು ಯಾರೂ ಬಂದಿರಲಿಲ್ಲವಂತೆ.

"ಕ್ರಿಶ್ಚಿಯನ್ ಉಂಟು, ಎಲೆಕ್ಟ್ರಾನಿಕ್ ಉಂಟು. ಪೋಸ್ಟ್-ಹಾರ್ಡ್‌ಕೋರ್ ಅಂತ, ರಾಕ್ ಸಂಗೀತದ ಒಂದು ಜಾತಿ!" ಎಂದ.

"ಪೋಸ್ಟಲ್ಲಿ ಬಂದದ್ದಾ?"

"ಅಮೆರಿಕದ್ದು."

ಅಲ್ಲಿಗೆ ನನಗೆ ಸಮಾಧಾನವಾಯಿತು. ಅಮೆರಿಕದ್ದು ಪೋಸ್ಟಿನಲ್ಲಲ್ಲದೆ ಇನ್ನು ಹೇಗೆ ಬಂದೀತು?

ಕಾಪುವಿನ ಅಂಗಳದಲ್ಲಿ ಚಪ್ಪರ, ನಡುವೆ ಮಣೆಯ ಮೇಲೆ ಮದುಮಗಳು, ಪಕ್ಕದ ಕೊಪ್ಪರಿಗೆಯಲ್ಲಿ ತೆಂಗಿನಹಾಲು. ಹಾಲು ಹಚ್ಚಲು ಶುರುವಾದಾಗ ಸಿಡಿ ಹಾಕಿದೆ. ಮೊದಲು ನೀರು ತೊಟ್ಟಿಕ್ಕಿದ ಹಾಗೆ ಮೆಲ್ಲನೆ ಟಿಣ್ ಟಿಣ್ ಎಂದಿತು. ಬಾಯಮ್ಮ ಶಿಲುಬೆಯ ಗುರುತು ಹಾಕಿಕೊಂಡು, "ಎಷ್ಟು ಚಂದ!" ಎಂದರು.

ಆಮೇಲೆ ಒಬ್ಬ ಗಂಡಸು ಕಿರುಚಿದ. ಕಾಲ ಮೇಲೆ ಒಳಕಲ್ಲು ಬಿದ್ದವನ ಹಾಗೆ. ಹಿಂದಿನಿಂದ ಡ್ರಮ್ಮು, ಕಲ್ಲು ಹೇರಿದ ಲಾರಿ ಮಗುಚಿದ ಹಾಗೆ.

ನನಗೆ ಮೊದಲು ಹೊಳೆದದ್ದು ಅರ್ತಿಂಗ್ ಕೆಟ್ಟಿದೆ ಎಂದು. ಓಡಿ ವಯರು ಮುಟ್ಟಿದೆ, ಆಂಪ್ಲಿಫೈಯರಿನ ಮುಚ್ಚಳ ತೆಗೆದೆ, ಟ್ರೆಬಲ್ ಇಳಿಸಿದೆ. ಅವನು ಈಗ ಬಾವಿಯೊಳಗಿಂದ ಕಿರುಚತೊಡಗಿದ. ನಡುನಡುವೆ ಟುಟ್ಟುಟುಟ್ ಎಂಬ ಯಂತ್ರದ ಸದ್ದು ಬೇರೆ. ಆಗ ತಿಳಿಯಿತು ನೋಡಿ! ಆ ಕಾಲದಲ್ಲಿ ಬಾಕ್ಸಿನ ಹತ್ತಿರ ಯಾರದ್ದಾದರೂ ಮೊಬೈಲಿಗೆ ಕರೆ ಬರುವ ಮುನ್ನ ಹೀಗೆಯೇ ಟುಟ್ಟುಟುಟ್ ಎನ್ನುತ್ತಿತ್ತು. "ಮೊಬೈಲ್ ಎಲ್ಲ ಕೊಡಿ!" ಎಂದು ಬೊಬ್ಬೆ ಹಾಕಿ, ಬುಟ್ಟಿಯಲ್ಲಿ ತುಂಬಿಸಿ, ಹಿತ್ತಿಲಿನ ಕೋಳಿಗೂಡಿನಲ್ಲಿಟ್ಟು ಬಂದೆ. ಟುಟ್ಟುಟುಟ್ ನಿಲ್ಲಲಿಲ್ಲ.

ಸೆಟ್ಟು ಕಾರ್ಕಳಕ್ಕೆ ಹೋಗುವುದು ನನ್ನ ಕಣ್ಣಿಗೆ ಕಟ್ಟಿತು. ನಿಲ್ಲಿಸುವ ಗುಂಡಿಗೆ ಕೈ ಹಾಕಿದೆ. ಅಷ್ಟರಲ್ಲಿ ರೆಪ್ಪೆಯಿಂದ ಹಾಲು ಒರೆಸಿಕೊಳ್ಳುತ್ತಾ ಮದುಮಗಳು ಹೇಳಿದಳು:

"ಅಜ್ಜೀ, ಅವನು 'ಓ ದೇವರೇ, ನನ್ನನ್ನು ಬಿಡಬೇಡ' ಅಂತಿದ್ದಾನೆ. ಇಂಗ್ಲಿಷಲ್ಲಿ."

"ಪ್ರಾರ್ಥನೆಯಾ?" ಬಾಯಮ್ಮ ಥಟ್ಟನೆ ಎದ್ದು ನಿಂತರು. "ಕೈ ತೆಗಿ ಮಾರಾಯ! ಪ್ರಾರ್ಥನೆಯನ್ನು ಅರ್ಧದಲ್ಲಿ ನಿಲ್ಲಿಸ್ತಾರಾ? ಆಮೆನ್ ಆಗಲಿ."

ಅಂಗಳವೆಲ್ಲ ಎದ್ದು ನಿಂತಿತು. ಕೈ ಮುಗಿದು ಆಮೆನ್‌ಗಾಗಿ ಕಾದೆವು. ಆ ಸಿಡಿಯಲ್ಲಿ ಒಂದು ಹಾಡಿಗೂ ಇನ್ನೊಂದಕ್ಕೂ ನಡುವೆ ಸಂದೇ ಇಲ್ಲ; ಒಬ್ಬ ಕಿರುಚಿ ಮುಗಿಸಿದರೆ ಟುಟ್ಟುಟುಟ್ ಹಿಡಿದುಕೊಳ್ಳುತ್ತದೆ, ಅದು ಬಿಟ್ಟಲ್ಲಿಂದ ಅವನು ಮತ್ತೆ. ಶಾಸ್ತ್ರವೂ ನಿಲ್ಲುವ ಹಾಗಿಲ್ಲವಲ್ಲ, ಒಬ್ಬೊಬ್ಬರೇ ಬಂದು ಹಾಲು ಹಚ್ಚಿದರು. ಕಿರುಚಿದಾಗಲೆಲ್ಲ ಕೈ ಬೆಚ್ಚಿ ಹುಡುಗಿಯ ತಲೆಗೆ ಅರ್ಧ ಚೆಂಬು ಹೆಚ್ಚೇ ಬಿತ್ತು. ಹಿತ್ತಿಲಿನಲ್ಲಿ ಗಲ್ಫಿನ ಬಂಧುಗಳ ಕರೆಗಳು ಒಟ್ಟಿಗೇ ಬಂದು ಬುಟ್ಟಿ ಹಾಡತೊಡಗಿತು. ಕೋಳಿಗಳು ಮಾಡು ಹತ್ತಿದವು. ಒಮ್ಮೆ ಸದ್ದು ತುಸು ತಗ್ಗಿದಾಗ ಬಾಯಮ್ಮ ಗಟ್ಟಿಯಾಗಿ "ಆಮೆನ್" ಎಂದರು. ಎಲ್ಲರೂ "ಆಮೆನ್" ಎಂದೆವು. ಅವನು ಒಪ್ಪಲಿಲ್ಲ, ಮತ್ತೆ ಶುರುಮಾಡಿದ. ಮೂರನೆಯ ಆಮೆನ್‌ಗೆ ಸಿಡಿ ಮುಗಿಯಿತು.

ಮರುದಿನ ಬೆಳಿಗ್ಗೆ ನಾನು ಕಡಿಯಾಳಿ ತಲುಪುವ ಮೊದಲೇ ಸುದ್ದಿ ತಲುಪಿತ್ತು. ಮಾವ ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಕೂತಿದ್ದರು.

"ಸೆಟ್ ಕಿರುಚಿತಂತೆ?"

"ಸೆಟ್ ಅಲ್ಲ ಮಾವ..."

"ಹಾಕು."

ಹಾಕಿದೆ. ಅವರು ಬಾಕ್ಸಿನ ಮೇಲೆ ಅಂಗೈ ಇಟ್ಟು, ಡಾಕ್ಟರು ಎದೆ ನೋಡುವ ಹಾಗೆ, ಮೊದಲ ಹಾಡನ್ನು ಪೂರ್ತಿ ಕೇಳಿದರು. ಅತ್ತೆ ಅಡುಗೆಮನೆಯ ಬಾಗಿಲು ಹಾಕಿಕೊಂಡರು.

"ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ ಅಂತ ಅಮ್ಮ ಹೇಳ್ತಿದ್ದರು," ಎಂದರು ಮಾವ ಕೊನೆಗೆ. "ಅಂಗಳ ನೆಟ್ಟಗೇ ಉಂಟು ಮಾರಾಯ. ಕುಣಿಯುವವನಿಗೇ ಎಂತದೋ ಆಗಿದೆ." ಬಾಕ್ಸಿನಿಂದ ಕೈ ತೆಗೆದು, "ಪಾಪ. ದೇವರಿಗೆ ಕೇಳಿಸ್ಲಿಕ್ಕಿಲ್ಲ ಅಂತ ಹೆದರಿಕೆ ಅವನಿಗೆ" ಎಂದರು.

ಆದರೂ ಮಾತು ಮಾತೇ. ಬಾಯಮ್ಮನಿಗೆ ಫೋನ್ ಹಚ್ಚಲು ಹೇಳಿದರು. ಮದುವೆಗೆಂದು ಇಗರ್ಜಿಗೆ ಹೊರಟು ನಿಂತಿದ್ದ ಬಾಯಮ್ಮನ ದನಿ ನನಗೂ ಕೇಳುವಷ್ಟು ದೊಡ್ಡದಿತ್ತು.

"ಸೌಂಡಿಗೆ ಎಂತ ಆಗಿದೆ? ಒಂದೊಂದು ಬೊಬ್ಬೆಯೂ ಬಿಡಿಬಿಡಿಯಾಗಿ ಕೇಳ್ತಿತ್ತು! ಆ ಪ್ರಾರ್ಥನೆಯವನಿಗೆ ಮಾತ್ರ ಸ್ವಲ್ಪ ಕಲ್ಲುಸಕ್ಕರೆ ಕಳಿಸಿ, ಗಂಟಲಿಗೆ."

ಮಾವ ಫೋನು ಇಟ್ಟು, ತಡವಿಕೊಂಡು ಹೋಗಿ, ಮಡಚಿಟ್ಟ ಕಂಬಳಿಯನ್ನು ತಂದು ನನ್ನ ಕೈಗೆ ಕೊಟ್ಟರು.

"ಹೊದೆಸು," ಎಂದರು. "ಇನ್ನು ನೀನೇ ಹೊದೆಸ್ಬೇಕಲ್ಲ."