ಆಶೀರ್ವಾದದ ಅರ್ಕಾವತ್ತು

ಕುಪ್ಪಸಕ್ಕೆ ಹಚ್ಚಲು ಒಂದು ಹುಕ್ಕು ಬೇಕಿತ್ತು. ಸೂಜಿದಾರದ ಡಬ್ಬಿಯ ತಳದಲ್ಲಿ ಬೆರಳಿಗೆ ತಣ್ಣಗೆ ಸಿಕ್ಕಿದ್ದು ಹುಕ್ಕಲ್ಲ, ಸೀಸದ ಒಂದು ಅಚ್ಚುಮೊಳೆ. ಮೂಗಿನ ಹತ್ತಿರ ಹಿಡಿದರೆ ಇಷ್ಟು ವರ್ಷದ ಮೇಲೂ ಮೊಳೆ ತೊಳೆಯುತ್ತಿದ್ದ ಸೀಮೆಎಣ್ಣೆಯ ವಾಸನೆ... ವಾಸನೆ ಇದ್ದದ್ದು ಮೊಳೆಯಲ್ಲೋ ನನ್ನ ತಲೆಯಲ್ಲೋ. ಅದರ ಮೇಲೆ ಪೂರ್ತಿ ಅಕ್ಷರವೂ ಇಲ್ಲ, ಹುಕ್ಕಿನ ಹಾಗೇ ಬಾಗಿದ ಒಂದು ಅರ್ಕಾವತ್ತು, ಅಷ್ಟೇ.

ಅದನ್ನು ಕೊಟ್ಟವರು ನಮ್ಮ ಪ್ರೆಸ್ಸಿನ ಯಜಮಾನರು. ತೊಂಬತ್ತರ ದಶಕದ ಕೊನೆಯ ವರ್ಷಗಳು. ಶಿಕಾರಿಪುರದ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಅವರ ಪ್ರೆಸ್ಸು. ಕಂಪ್ಯೂಟರಿನಲ್ಲಿ ಅಕ್ಷರ ಕೂರಿಸುವವಳು ನಾನು. ಅರ್ಧ ಆಯುಷ್ಯ ನಿಂತುಕೊಂಡೇ ಮೊಳೆ ಜೋಡಿಸಿದ ಮನುಷ್ಯ, ಪರದೆಯನ್ನು ನಂಬುತ್ತಿರಲಿಲ್ಲ. ಪ್ರೂಫನ್ನು ಕಾಗದದ ಮೇಲೆ ತೆಗೆಸಿ, ಕೊನೆಯ ಪದದಿಂದ ಶುರುಮಾಡಿ ಬಾಲದಿಂದ ತಲೆಗೆ ಓದುತ್ತಿದ್ದರು. ಮುಂದಿನಿಂದ ಓದಿದರೆ ಅರ್ಥದ ಗುಂಗಿನಲ್ಲಿ ತಪ್ಪು ದಾಟಿ ಹೋಗುತ್ತದೆ ಎಂಬುದು ಅವರ ಲೆಕ್ಕ.

ಸೊರಬದ ಪ್ರೆಸ್ಸಿನವರು ಹೊಸ ಸಾಫ್ಟ್‌ವೇರ್ ಹಾಕಿಸಿದ್ದೇ ತಡ, ನಮ್ಮ ಲಗ್ನಪತ್ರಿಕೆಯ ಗಿರಾಕಿಗಳು ಒಬ್ಬೊಬ್ಬರಾಗಿ ಸೊರಬದ ಬಸ್ಸು ಹತ್ತತೊಡಗಿದರು. ಅಲ್ಲಿ ಅಕ್ಷರಕ್ಕೆ ನೆರಳು, ಅಂಚಿಗೆ ಬಳ್ಳಿ. ನಾವೂ ಹೊಸದು ಹಾಕಿಸದಿದ್ದರೆ ಪ್ರೆಸ್ಸೂ ಉಳಿಯದು, ನನ್ನ ಕೆಲಸವೂ ಉಳಿಯದು ಎಂದು ಹಟ ಹಿಡಿದೆ. ಯಜಮಾನರು ಮಣಿದು ಶಿವಮೊಗ್ಗದಿಂದ ಅದನ್ನು ಮಾರುವವನನ್ನು ಕರೆಸಿದರು.

ಉಡುತಡಿಯ ಒಂದು ಮದುವೆಗೆ ನಾನು ಮಾಡಿಟ್ಟಿದ್ದ ಪತ್ರಿಕೆಯನ್ನೇ ಅವನು ಹೊಸದರಲ್ಲಿ ತೆರೆದು ತೋರಿಸಿದ. ನನ್ನ ಕಣ್ಣು ಅರಳಿತು. ಯಜಮಾನರು ಪ್ರೂಫ್ ತೆಗೆಸಿ ಕನ್ನಡಕ ಏರಿಸಿದರು. ಬಾಲದಿಂದ ಓದುವವರಲ್ಲವೇ, ಮೊದಲು ಸಿಕ್ಕಿದ್ದೇ 'ಆಶೀವಾದವೇ ಉಡುಗೊರೆ'. ಮೇಲೆ ಹೋದರೆ 'ಮುಹೂತ'. ಇನ್ನೂ ಮೇಲೆ 'ಧಮಪತ್ನಿ'. ನಾನು ಮತ್ತೆ ಟೈಪು ಮಾಡಿ ನೋಡಿದೆ. ಅರ್ಕಾವತ್ತು ಪರದೆಯ ಮೇಲೆ ಬರುತ್ತಿತ್ತು, ಕಾಗದಕ್ಕೆ ಇಳಿಯುತ್ತಿರಲಿಲ್ಲ.

"ಮುಂದೆ ಸರಿ ಮಾಡಿ ಕಳಿಸ್ತಾರೆ ಸಾರ್," ಎಂದ ಅವನು. "ಹೆಂಗೂ ಜನಕ್ಕೆ ಅರ್ಥ ಆಗುತ್ತಲ್ಲ?"

"ಅರ್ಥ ಎಲ್ಲಾಗ್ತೈತ್ರೀ? ಅದ್ರ ಅರ್ಕಾವತ್ತೂ ನಿಮ್ ಪೆಟ್ಟಿಗಿ ನುಂಗಿದ ಮ್ಯಾಲೆ ಉಳಿಯೋದು ಬರೇ ಅಥ!"

ನನಗೆ ನಗು ಬಂತು, ಅವನಿಗೆ ಬರಲಿಲ್ಲ. "ಸೊರಬದೋರು ತಗೊಂಡಿಲ್ವಾ? ಹಳೇದು ಕೆಟ್ರೆ ನಾವು ಮುಟ್ಟಲ್ಲ ಸಾರ್, ಈಗ್ಲೇ ಹೇಳಿರ್ತೀನಿ."

"ಕೆಟ್ಟಾಗ ನೋಡೋಣ ಬಿಡ್ರಿ. ಅರ್ಕಾವತ್ತು ಬಂದ ಮ್ಯಾಲೆ ನೀವೂ ಬರ್ರಿ. ಈಗ ಚಾ ಕುಡಿದು ಹೋಗ್ರಿ."

ಅವನು ಹೋದ ಮೇಲೆ ನಾನು ರೇಗಿದೆ. "ಯಾರು ನೋಡ್ತಾರೆ ಯಜಮಾನ್ರೆ? ಜನಕ್ಕೆ ಬಳ್ಳಿ ಬೇಕು."

"ನೀ ನೋಡಿದ್ಯಲ್ಲ ತಂಗೀ? ನೋಡಿದ ಮ್ಯಾಲೂ ಅಚ್ಚು ಹಾಕಿದ್ರೆ, ಆ ಹುಡುಗಿಗೆ ಬರೋ ಆಶೀರ್ವಾದಾನ ನಾವೇ ಕದ್ದಂಗೆ."

ಉಡುತಡಿಯವರು ಸೊರಬಕ್ಕೇ ಹೋದರು. ಅರ್ಕಾವತ್ತಿಲ್ಲದ ಪತ್ರಿಕೆ ಹಂಚಿದರು, ಮದುವೆಯೂ ಚೆಂದವೇ ಆಯಿತು, ಯಾರೂ ಏನೂ ಕೇಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಲ್ಲ. ರಶೀದಿ ಪುಸ್ತಕ, ಶಾಲೆಯ ಪ್ರಶ್ನೆಪತ್ರಿಕೆ, ತಾಳಗುಂದದ ಕಡೆಯವರ ಕರಪತ್ರ ಎಂದು ನಾವು ಇನ್ನೂ ಕೆಲವು ವರ್ಷ ದಬ್ಬಿದೆವು. ಸೊರಬದ ಪ್ರೆಸ್ಸಿನಿಂದ ನನಗೆ ಎರಡು ಸಲ ಕೆಲಸಕ್ಕೆ ಕರೆ ಬಂತು. ಹೋಗಲಿಲ್ಲ. ಅಷ್ಟು ಹೊತ್ತಿಗೆ ನಾನೂ ಬಾಲದಿಂದ ಓದುವುದನ್ನು ಕಲಿತುಬಿಟ್ಟಿದ್ದೆ...

ಒಂದು ದಿನ ಹಳೆಯ ಕಂಪ್ಯೂಟರು ಏಳಲೇ ಇಲ್ಲ. ಬಾಗಿಲು ಮುಚ್ಚುವ ದಿನ ಯಜಮಾನರು ಮೊಳೆ ಇಡುವ ಮರದ ಖಾನೆಯಿಂದ ಇದೊಂದನ್ನು ಹೆಕ್ಕಿ ನನ್ನ ಅಂಗೈಯಲ್ಲಿಟ್ಟರು.

"ಸೋತ್ವಿ ಅನ್ಕೋಬ್ಯಾಡ. ನನ್ ಪ್ರೆಸ್ಸಿಂದ ಒಂದೇ ಒಂದು 'ಆಶೀವಾದ' ಹೊರಗ ಹೋಗಿಲ್ಲ."

ನಾನು ಹುಕ್ಕು ಹುಡುಕುತ್ತಿದ್ದದ್ದು ನಾಳೆ, ತೀರಿಕೊಂಡ ಯಜಮಾನರ ಶಿವಗಣಾರಾಧನೆಗೆ ಹೋಗಲು. ಕಾರ್ಡು ಎದುರಿಗೇ ಇದೆ. ಬಣ್ಣದ ಫೋಟೋದಲ್ಲಿ ಯಜಮಾನರು ಕನ್ನಡಕದ ಮೇಲಿನಿಂದ ನೋಡುತ್ತಿದ್ದಾರೆ. ಅಭ್ಯಾಸ ಬಿಡದು, ಬಾಲದಿಂದ ಓದಿದೆ. ಸರಿಯಾಗಿ ಫೋಟೋದ ಕೆಳಗೆ 'ಕಾಯಕ್ರಮ'. ಅಳು ಬರಬೇಕಾದಲ್ಲಿ ಸಿಟ್ಟು ಬಂತು. ಸ್ಟಾಂಪ್ ಪ್ಯಾಡಿಗೆ ಮೊಳೆ ಅದ್ದಿ, ಯ ಮತ್ತು ಕ್ರದ ನಡುವೆ ಇಲ್ಲದ ಜಾಗ ಮಾಡಿ ಒತ್ತಿದೆ. ಸ್ವಲ್ಪ ಸೊಟ್ಟಗೆ ಕೂತಿತು. ಕೂತಿತು.

ಮದುವೆಯಾದ ಮೇಲೆ ಸೊರಬವೇ ನನ್ನ ಊರು. ನಾಳೆ ಇಲ್ಲಿಂದ ಬಸ್ಸು ಹತ್ತುವಾಗ ಮೊಳೆಯೂ ಪ್ಯಾಡೂ ಚೀಲದಲ್ಲಿರುತ್ತವೆ. ಅವರ ಮನೆಯಲ್ಲಿ ಹಂಚದೆ ಮಿಕ್ಕ ಕಾರ್ಡುಗಳು ಇದ್ದೇ ಇರುತ್ತವೆ. ಬಾಲದಿಂದ ಓದುವವರು ಇನ್ನಿಲ್ಲ... ನಾನಿದ್ದೇನೆ.