ಡಾಟ್ ಕಾಮಿಗೆ ಕೊಟ್ಟ ನವಿಲು

ಗದಗ ಹೊಸ ಜಿಲ್ಲೆಯಾಗಿ ಕೆಲವು ವರ್ಷ ಕಳೆದಿದ್ದವು. ಬೆಟಗೇರಿಯ ನಮ್ಮ ಸೀರೆ ಅಂಗಡಿಯನ್ನು ಇಂಟರ್‌ನೆಟ್ಟಿಗೆ ಹಾಕಬೇಕೆಂಬ ಹುಚ್ಚು ನನಗೆ ಹಿಡಿದದ್ದು ಆಗಲೇ. ಬಸ್ ಸ್ಟ್ಯಾಂಡಿನ ಹತ್ತಿರದ ಕಂಪ್ಯೂಟರ್ ಅಂಗಡಿಯವನು, ಅಂಗಡಿಗೆ ಅಜ್ಜ ಇಟ್ಟ ಹೆಸರನ್ನು ಒತ್ತಿ ನೋಡಿ ತಲೆ ಕೆರೆದುಕೊಂಡ.

"ಅಣ್ಣಾರ, ಈ ಹೆಸರು ಆಗಲೇ ಯಾರೋ ತಗೊಂಡಾರ್ರಿ."

"ನಮ್ಮ ಅಂಗಡಿ ಹೆಸರು ಮತ್ತೊಬ್ಬ ಹೆಂಗ ತಗೋತಾನಪಾ?"

"ಇದ್ರಾಗ ಮೊದಲ ಯಾರು ಬರ್ತಾರ ಅವರದರಿ."

ಅವನು ಆ ವಿಳಾಸ ತೆರೆದು ತೋರಿಸಿದ. ಪುಟದಲ್ಲಿ ಒಂದು ಹಳೆಯ ಫೋಟೋ ಬಿಟ್ಟರೆ ಏನೂ ಇರಲಿಲ್ಲ. ನಮ್ಮ ಅಂಗಡಿಯ ತಗಡಿನ ಬೋರ್ಡು, ಅದರ ಮೇಲೆ ಅಜ್ಜ ಬರೆಸಿದ ನವಿಲು. ಆ ಫೋಟೋ ಇದ್ದದ್ದು ಎರಡೇ ಮನೆಯಲ್ಲಿ. ಒಂದು ನನ್ನದು, ಇನ್ನೊಂದು ಮುಂಡರಗಿಯ ಕಾಕಾನ ಮಗನದು. ಮೈಯೆಲ್ಲ ಉರಿಯಿತು.

ಸುಳ್ಳೇಕೆ ಹೇಳಲಿ, ಅವನ ಮೇಲೆ ನನಗೆ ಮೊದಲಿನಿಂದಲೂ ಗುಮಾನಿ. ಅವನು ನಕ್ಕರೆ ಯಾಕೆ ನಕ್ಕ ಎಂದು ಯೋಚಿಸುವವನು ನಾನು. ಮನೆ ಪಾಲಾದಾಗ ಬೆಟಗೇರಿಯ ಅಂಗಡಿ ಅಪ್ಪನಿಗೆ, ಮುಂಡರಗಿಯ ಅಂಗಡಿ ಕಾಕಾನಿಗೆ ಬಂದಿತ್ತು. ಆಮೇಲೆ ಈ ಹುಡುಗ ನಮ್ಮಲ್ಲಿಗೆ ಬಂದಾಗಲೆಲ್ಲ ಒಳಗೆ ಕಾಲಿಡುವ ಮೊದಲು ರಸ್ತೆಯಲ್ಲೇ ನಿಂತು ಬೋರ್ಡು ನೋಡುತ್ತಿದ್ದ. ಅದೂ ನನಗೆ ಸರಿಬರುತ್ತಿರಲಿಲ್ಲ.

ಮರುದಿನವೇ ಮುಂಡರಗಿಯ ಬಸ್ ಹತ್ತಿದೆ.

"ಬಾ ಅಣ್ಣಾ, ಕುಂಡ್ರು. ಚಾ ತರಸ್ತೀನಿ," ಎಂದು ಅವನು ಎದ್ದು ಬಂದ. ಆ ಮರ್ಯಾದೆಯಲ್ಲೂ ನನಗೆ ಏನೋ ವಾಸನೆ ಬಡಿಯಿತು.

"ನಿನ್ನ ಚಾ ಹಾಳಾಗ್ಲಿ. ಅಂಗಡಿ ಹೆಸರು ಯಾಕ ಕದ್ದಿ, ಅದನ್ನ ಹೇಳು."

"ಕದ್ದಿಲ್ಲ. ಅಜ್ಜ ಇಟ್ಟ ಹೆಸರು ಹೊರಗಿನವರ ಕೈಗೆ ಹೋಗಬಾರದು ಅಂತ ತಗೊಂಡೀನಿ."

"ಹಂಗಾರ ನನಗ ಕೊಡು."

"ಕೊಡಬೋದು. ಆದ್ರ ಇದು ನಮ್ಮ ಅಪ್ಪಂದಿರು ಪಾಲಾದ ವಾಟ್ನಿಯೊಳಗ ಬಂದಿಲ್ಲಲ್ಲಾ? ಪದ್ಧತಿ ಪ್ರಕಾರ ಆಗ್ಲಿ. ಹಿರ್ಯಾ ನೀ ಪಾಲು ಮಾಡು, ಕಿರ್ಯಾ ನಾ ಆರಸ್ತೀನಿ."

ನಮ್ಮ ಮನೆತನದಲ್ಲಿ ಪಾಲಾಗುವ ಕ್ರಮವೇ ಅದು. ಹಿರಿಯ ಎರಡು ಪಾಲು ಮಾಡಬೇಕು, ಕಿರಿಯ ಬೇಕಾದದ್ದನ್ನು ಎತ್ತಿಕೊಳ್ಳಬೇಕು. ಪಾಲು ಮಾಡುವವನಿಗೆ ಮೋಸದ ಬುದ್ಧಿ ಬಾರದಿರಲಿ ಎಂದು. ಅಪ್ಪ, ಕಾಕಾ ಹಾಗೇ ಬೇರೆಯಾಗಿದ್ದರು. ಒಲ್ಲೆ ಎನ್ನಲು ನನಗೆ ಬಾಯಿ ಬರಲಿಲ್ಲ.

ಆದರೆ ನಾನೇನು ಕಡಿಮೆಯೇ? ಡಾಟ್ ಕಾಮ್ ನನಗೇ ಉಳಿಯಬೇಕಾದರೆ ಇನ್ನೊಂದು ಪಾಲು ನೋಡಿ ಅವನ ಬಾಯಲ್ಲಿ ನೀರೂರಬೇಕು. ಅವನು ರಸ್ತೆಯಲ್ಲಿ ನಿಂತು ನೋಡುತ್ತಿದ್ದದ್ದು ನೆನಪಾಯಿತು. ತುಕ್ಕು ಹಿಡಿದ ತಗಡು, ಹೋದರೆ ಹೋಗಲಿ.

"ಕಂಪ್ಯೂಟರಿನ್ಯಾಗಿನ ಹೆಸರು ಒಂದು ಪಾಲು. ನವಿಲಿನ ಬೋರ್ಡು ಒಂದು ಪಾಲು," ಎಂದೆ.

"ಬೋರ್ಡು ನನಗಿರ್ಲಿ," ಎಂದ, ಒಂದು ಗಳಿಗೆಯೂ ಯೋಚಿಸದೆ.

ಗೆದ್ದೆನೆಂದುಕೊಂಡು ಬಸ್ಸಿನಲ್ಲಿ ಒಬ್ಬನೇ ನಗುತ್ತ ಬಂದೆ. ಅದೇ ವಾರ ಅವನು ಟೆಂಪೋ ತಂದು ಬೋರ್ಡು ಇಳಿಸಿದ. ಅದಕ್ಕೆ ಸುತ್ತಲು ತಂದಿದ್ದ ಗೋಣಿತಟ್ಟು ಬೋರ್ಡಿನ ಅಳತೆಗೇ ಹೊಲಿಸಿದ್ದು. ಇವನು ಅಳತೆ ತೆಗೆದುಕೊಂಡದ್ದು ಯಾವಾಗ? ಬೋರ್ಡಿಗಾಗಿಯೇ ಹೆಸರು ಹಿಡಿದಿದ್ದನೇ? ಕೇಳುವಷ್ಟರಲ್ಲಿ ಟೆಂಪೋ ಹೊರಟಿತ್ತು. ಆ ಗುಮಾನಿ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಆ ಜಾಗದಲ್ಲಿ ಡಾಟ್ ಕಾಮ್ ಎಂದು ಕೆಂಪು ಅಕ್ಷರದಲ್ಲಿ ಬರೆಸಿದ ಹೊಸ ಬೋರ್ಡು ಹಾಕಿದೆ. ನವಿಲನ್ನು ಮತ್ತೆ ಬರೆಸುವ ಹಾಗಿರಲಿಲ್ಲ, ಅದು ಅವನ ಪಾಲಿನದು. ಮದುವೆಯ ಹಂಗಾಮು ಬಂದರೂ ಅಂಗಡಿ ತುಂಬಲಿಲ್ಲ. ಇಂಟರ್‌ನೆಟ್ಟಿನಿಂದಲೂ ಒಂದು ನರಪಿಳ್ಳೆ ಕೇಳಲಿಲ್ಲ. ನನಗೆ ಒಳಗೊಳಗೇ ಹೆದರಿಕೆ ಶುರುವಾಯಿತು.

ಒಂದು ಮಧ್ಯಾಹ್ನ ಯಳವತ್ತಿಯ ಮುದುಕಿಯೊಬ್ಬಳು ಕುಪ್ಪಸಕ್ಕೆ ಖಣ ಕೇಳಿಕೊಂಡು ಬಂದಳು. ಅಪ್ಪನ ಕಾಲದಿಂದ ತನ್ನ ಮನೆಯ ಮದುವೆಯ ಸೀರೆಗಳನ್ನೆಲ್ಲ ನಮ್ಮಲ್ಲೇ ಒಯ್ದವಳು, ಓದು ಬರಹ ಬಾರದವಳು. ಬಗಲಲ್ಲಿ ಸೀರೆ ತುಂಬಿದ ಚೀಲವಿತ್ತು. ಚೀಲದ ಮೇಲೆ ನಮ್ಮ ನವಿಲು. ನನ್ನ ಮುಖ ನೋಡಿ ಗುರುತು ಹಿಡಿದು, ಪಾಪ, ಕನಿಕರಪಟ್ಟಳು.

"ನಿಮ್ಮ ನವಿಲಿನ ಅಂಗಡಿ ಮುಂಡರಗಿಗಿ ಹೋಗೇತಿ, ಅಲ್ಲೇ ಜವಳಿ ತಗೊಂಡು ಬಂದ್ನಿ. ನೀ ಇಲ್ಲಿ ಯಾರ ಅಂಗಡ್ಯಾಗ ಕೆಲಸಕ್ಕ ಅದೀಯಪ್ಪಾ?"